ಫ್ರೀ ಎಂಬ ಶಬ್ದಕ್ಕೆ ನಾಲ್ಕು ಪುಟ

ನಳದ ನೀರು ಬೇಗ ಬಂತು, ನಾಲ್ಕು ಕೊಡ, ಒಂದು ಡ್ರಮ್ಮು ತುಂಬಿದೆ. ಅತ್ತೆಗೆ ಬಿಸಿನೀರು, ಗುಳಿಗೆ. ಹದಿನೆಂಟು ರೊಟ್ಟಿ ಬಡಿದೆ. ಪುಂಡಿಸೊಪ್ಪು ಸೋಸಿದೆ. ಅಂಗಡಿಗೆ ಬುತ್ತಿ ಕಳಿಸಿದೆ. ತೊಗರಿಬೇಳೆ ಬಿಸಿಲಿಗೆ ಹಾಕಿ, ಮೋಡ ಕಂಡು ಒಳಗೆ ತಂದು, ಬಿಸಿಲು ಬಿದ್ದ ಮೇಲೆ ಮತ್ತೆ ಹಾಕಿದೆ. ಅತ್ತೆಯ ಕೌದಿಯ ಮೂಲೆ ಹರಿದಿತ್ತು, ತೇಪೆ ಹಚ್ಚಿದೆ. ಹನ್ನೊಂದರ ಸುಮಾರಿಗೆ ಹುಮನಾಬಾದಿನಿಂದ ಫೋನು ಬಂತು, ಬರುವುದಿಲ್ಲ ಎಂದು ಹೇಳಿದೆ. ಮಧ್ಯಾಹ್ನ ಶೇಂಗಾ ಹುರಿದು ಹಿಂಡಿ, ಅದೇ ಚಟ್ನಿಪುಡಿ, ಕುಟ್ಟಿದೆ.

ದಿನದ ಕೆಲಸಗಳನ್ನು ಹೀಗೆ ಅಂಗಡಿಯ ಹಳೆಯ ಡೈರಿಯಲ್ಲಿ ಬರೆದಿಡುವ ರೂಢಿ ನನಗೆ ಮೊದಲಿನಿಂದ ಇದ್ದದ್ದಲ್ಲ. ಅದು ಯಾವ ದಿನ ಶುರುವಾಯಿತೆಂದು ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ಆ ಪಟ್ಟಿಯಲ್ಲಿ ಫೋನಿನ ಸಾಲು ಬರೆಯುವಾಗ ಮಾತ್ರ ಕೈ ನಿಂತಿತು. ಫೋನು ಬಂದ ಹುಮನಾಬಾದಿನ ಆ ಶಾಲೆಯಲ್ಲಿ ಟೀಚರ್ ಆಗಬೇಕೆಂಬುದು ನನ್ನ ಇಡೀ ಪ್ರಾಯದ ಆಸೆ. ಬರ್ರಿ ಎಂದು ಕರೆದದ್ದು ಅವರು, ಇಲ್ಲ ಎಂದದ್ದು ನಾನು.

ಇದರ ಬೇರು ತೊಂಬತ್ತರ ದಶಕ ಮುಗಿಯುತ್ತ ಬಂದಾಗಿನ ಒಂದು ದೀಪಾವಳಿಯಲ್ಲಿದೆ. ಆಗ ನಮ್ಮ ಬಸವಕಲ್ಯಾಣದ ಮನೆಗೆ ಫ್ರಾನ್ಸಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುವವಳು. ನಮ್ಮ ಕಡೆಯ ಹೆಂಗಸರು ಭಜನೆಯಲ್ಲಿ ಹೇಗೆ ಹಾಡುತ್ತಾರೆ, ಯಾರಿಂದ ಕಲಿಯುತ್ತಾರೆ ಎಂದು ಬರೆದುಕೊಳ್ಳಲು ಬಂದಿದ್ದಳು. ಇಳಿದುಕೊಳ್ಳಲು ಜಾಗ ಹುಡುಕುತ್ತ ನಮ್ಮ ಬಟ್ಟೆ ಅಂಗಡಿಗೆ ಬಂದವಳನ್ನು ಮಾವನವರು ಮನೆಗೇ ಕರೆದುಕೊಂಡು ಬಂದು ಮಾಳಿಗೆ ಕೋಣೆ ತೋರಿಸಿದರು.

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಪದ್ಧತಿ. ಶರಣರ ಗವಿಗಳನ್ನು ನೋಡಲು ಬಂದವರು ನಮ್ಮಲ್ಲಿ ಉಂಡರೆ, ಅವರ ಕೈಯಿಂದ ಏನೂ ಮುಟ್ಟುವಂತಿಲ್ಲ. ಒಂದು ಡಜನ್ ಬಾಳೆಹಣ್ಣು ತಂದರೂ ಅದನ್ನು ಅವರ ತಾಟಿಗೇ ಬಡಿಸಬೇಕು. ಕೊಡುವ ಮನೆಗೆ ತೆಗೆದುಕೊಳ್ಳುವ ಕೈ ಇರಬಾರದು ಎಂದು ಮಾವನವರು ಹೇಳುತ್ತಿದ್ದರು. ದಾಸೋಹದ ಮನೆ ಎಂದು ಓಣಿಯಲ್ಲಿ ಹೆಸರಿತ್ತು. ಹೆಸರು ಅವರದು, ಒಲೆ ನನ್ನದು. ಆದರೆ ಆಗ ನನಗೆ ಹಾಗೆಲ್ಲ ಅನಿಸುತ್ತಿರಲಿಲ್ಲ. ಆ ಹೆಸರಿನ ಒಳಗೆ ನಾನೂ ಇದ್ದೇನೆ ಅಂದುಕೊಂಡಿದ್ದೆ.

ಮೊದಲ ದಿನವೇ ಮಾವನವರು ಅವಳಿಗೆ ನನ್ನನ್ನು ತೋರಿಸಿ ಹೇಳಿದ್ದು ಇದು: “ನಮ್ಮ ಸೊಸಿ ಬಿ.ಎ. ಓದ್ಯಾಳ, ಇಂಗ್ಲಿಷ್ ಬರ್ತದ. ಮನ್ಯಾಗ ಫ್ರೀನೇ ಇರ್ತಾಳ. ಎಲ್ಲಿಗರೆ ಕರಕೊಂಡ ಹೋಗ್ರಿ.”

ಅಷ್ಟು ಮಾತಿನಲ್ಲಿ ಆಕೆಗೆ ತಿಳಿದದ್ದು ಮೂರೇ ಶಬ್ದ, ಬಿ.ಎ., ಇಂಗ್ಲಿಷ್ ಮತ್ತು ಫ್ರೀ. ಆಗ ನನ್ನ ಎರಡೂ ಕೈ ಹಿಟ್ಟಾಗಿದ್ದವು. ಒಲೆಯ ಮೇಲೆ ಹಾಲಿತ್ತು, ಹಿತ್ತಲಲ್ಲಿ ನೆನೆಸಿದ ಬಟ್ಟೆ ಇತ್ತು. ಆಕೆ ನನ್ನ ಕೈ ನೋಡಿ ಮಾವನವರ ಮುಖ ನೋಡಿದಳು. ನಾನು ಹಾಲು ಇಳಿಸಲು ಹೋದೆ.

ದೀಪಾವಳಿಯಿಂದ ಎಳ್ಳಮಾವಾಸ್ಯೆಯವರೆಗೆ ನಾನು ಅವಳ ಜೊತೆ ತಿರುಗಿದೆ. ನಸುಕಿಗೆ ಎದ್ದು ಮನೆಯ ಕೆಲಸ ಮುಗಿಸಿ, ಹತ್ತರ ಬಸ್ಸಿಗೆ ರಾಜೇಶ್ವರಕ್ಕೋ ಮತ್ತೆಲ್ಲಿಗೋ ಹೋಗುವುದು. ಕಟ್ಟೆಯ ಮೇಲೆ ಹೆಂಗಸರು ಹಾಡಿದ್ದನ್ನು ನಾನು ಇಂಗ್ಲಿಷಿಗೆ ತಂದು ಹೇಳುವುದು, ಅವಳು ಬರೆದುಕೊಳ್ಳುವುದು. ಸಂಜೆ ಬಂದು ಮತ್ತೆ ಒಲೆ. ದಣಿವಾಗುತ್ತಿತ್ತು, ಆದರೆ ಹಾಗೆ ದಣಿಯಲು ನಾನು ವರ್ಷಗಟ್ಟಲೆ ಕಾದಿದ್ದೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷು ಮದುವೆಯಾದ ಮೇಲೆ ಗುಳಿಗೆಯ ಚೀಟಿ ಓದಲಿಕ್ಕಷ್ಟೇ ಉಪಯೋಗವಾಗಿತ್ತು. ಅವಳ ಎದುರು ಅದು ಬಾಯಿಗೆ ಬರತೊಡಗಿದಾಗ ನಾನು ಬೇರೆ ಯಾರೋ ಆದಹಾಗೆ ಅನಿಸುತ್ತಿತ್ತು.

ಒಂದು ಸಂಜೆ ಅವಳು ನನ್ನ ಮುಂದೆ ಒಂದು ಖಾಲಿ ನೋಟುಬುಕ್ಕು ಇಟ್ಟಳು. ಮುಂದೆ ಅವಳ ವಿದ್ಯಾರ್ಥಿಗಳೂ ಈ ಕಡೆ ಬರುವವರಿದ್ದರು. ಇಂಗ್ಲಿಷು ಗೊತ್ತಿದೆ ಎಂದುಕೊಂಡು ಬರುತ್ತಾರೆ, ಇಲ್ಲಿಯ ಇಂಗ್ಲಿಷು ಕೇಳಿ ದಾರಿ ತಪ್ಪುತ್ತಾರೆ, ನೀನು ಒಂದೇ ಒಂದು ಶಬ್ದವನ್ನು ಪೂರ್ತಿಯಾಗಿ ಅವರಿಗೆ ತಿಳಿಸಿಕೊಡು ಎಂದಳು. ಯಾವ ಶಬ್ದ ಎಂದು ಕೇಳಿದೆ. ಮೊದಲ ದಿನ ಕೇಳಿದ್ದು, ಫ್ರೀ, ಎಂದಳು.

ನಾನು ಬರೆಯುತ್ತ ಹೋದೆ, ಅವಳು ಪಕ್ಕದಲ್ಲಿ ಫ್ರೆಂಚಿನ ಶಬ್ದ ಹಚ್ಚುತ್ತ ಹೋದಳು. ಸಾಬೂನಿನ ಡಬ್ಬಿಯ ಜೊತೆ ಬರುವ ಚಮಚ ಫ್ರೀ. ಅದಕ್ಕೆ ಅವರಲ್ಲಿ ಗ್ರಾತ್ವೀ ಅನ್ನುತ್ತಾರಂತೆ. ಬಸ್ಸಿನಲ್ಲಿ ಯಾರೂ ಟವೆಲ್ ಹಾಕದೆ ಬಿಟ್ಟ ಸೀಟು ಫ್ರೀ. ಅದು ಲಿಬ್ರ್. ಎರಡೂ ಒಂದೇ ಎಂದು ನಾನು, ಅಲ್ಲವೇ ಅಲ್ಲ ಎಂದು ಅವಳು. ಬಸ್ಸಿನ ಸೀಟು ಗ್ರಾತ್ವೀ ಅಂದರೆ ಟಿಕೀಟು ತೆಗೆಸಬೇಕಿಲ್ಲ ಎಂದಾಗುತ್ತದಂತೆ. ಕಂಡಕ್ಟರನ ಮುಂದೆ ಆ ತಪ್ಪು ಮಾಡಬೇಡ ಎಂದು ನಾನು ಎಚ್ಚರಿಕೆ ಬರೆದೆ. ದರ್ಜಿ ಕುಪ್ಪಸದ ಅಳತೆ ತೆಗೆದುಕೊಂಡು ಕಂಕುಳಲ್ಲಿ ಜರಾ ಫ್ರೀ ಇಡ್ಲೇನ್ರಿ ಎಂದು ಕೇಳುತ್ತಾನೆ. ಅದಕ್ಕೆ ಆಂಪ್ಲ್ ಎಂಬ ಬೇರೆಯೇ ಶಬ್ದ. ಸೈಕಲ್ ಅಂಗಡಿಯವನು ಚಕ್ರ ಎತ್ತಿ ತಿರುಗಿಸಿ ಫ್ರೀ ಆತು ಅನ್ನುತ್ತಾನೆ. ಡಾಕ್ಟರು ಅತ್ತೆಗೆ ಮೋಶನ್ ಫ್ರೀ ಆಗ್ತದೇನಮ್ಮಾ ಎಂದು ಕೇಳುತ್ತಾರೆ. ಇದನ್ನು ಬಿಡಿಸಿ ಹೇಳಿದಾಗ ಅವಳು ನಕ್ಕು ನಕ್ಕು ಪೆನ್ನು ಕೆಳಗಿಟ್ಟಳು. ಮಾಸ್ತರರಿಗೆ ಪಾಠವಿಲ್ಲದ ಹೊತ್ತು ಫ್ರೀ ಪೀರಿಯಡ್ಡು. ಮತ್ತೊಂದನ್ನು ಬರೆಯುವಾಗ ನಾನು ಬಾಗಿಲ ಕಡೆ ನೋಡಿ ಧ್ವನಿ ಇಳಿಸಿದೆ. ಆ ಹುಡುಗಿ ಭಾಳ ಫ್ರೀ ಎಂದು ನಮ್ಮಲ್ಲಿ ಯಾರಾದರೂ ಅಂದರೆ ಆ ಹುಡುಗಿಗೆ ವರ ಸಿಗುವುದು ತಡವಾಗುತ್ತದೆ.

ಬರೆಯುತ್ತ ನನಗೊಂದು ಹೊಳೆಯಿತು. ನಮ್ಮ ಕಡೆಗೂ ಇವಕ್ಕೆಲ್ಲ ಬೇರೆ ಬೇರೆ ಶಬ್ದ ಇದ್ದವು. ಚಮಚಕ್ಕೆ ಫುಕಟ್, ಹೊತ್ತಿಗೆ ಪುರಸತ್ತು, ಕುಪ್ಪಸಕ್ಕೆ ಸಡಿಲ, ಕೆಲಸವಿಲ್ಲದೆ ಕೂತವರಿಗೆ ರಿಕಾಮಿ. ನಮ್ಮ ಅವ್ವ ಒಂದರ ಜಾಗದಲ್ಲಿ ಇನ್ನೊಂದನ್ನು ಯಾವತ್ತೂ ಆಡಿದವಳಲ್ಲ. ರಿಕಾಮಿ ಕುಂತಾಳ ಎಂದು ಯಾರಾದರೂ ಸೊಸೆಯನ್ನು ಅಂದರೆ ಅದು ಜಗಳದ ಮಾತು, ಎದುರುತ್ತರ ಕೊಡಬಹುದಿತ್ತು. ಫ್ರೀ ಎಂಬುದು ಬಂದು ಎಲ್ಲವನ್ನೂ ನುಂಗಿತು. ಫ್ರೀ ಇದ್ದಾಳೆ ಎಂದರೆ ಜಗಳಕ್ಕೂ ಜಾಗವಿಲ್ಲ. ಕೇಳಲಿಕ್ಕೆ ನಯವಾಗಿದೆ, ಹೊಗಳಿದ ಹಾಗೂ ಇದೆ.

ಕೊನೆಗೆ ಅವಳು ಮಾವನವರು ಮೊದಲ ದಿನ ಆಡಿದ ಮಾತನ್ನು ತೆಗೆದಳು. ಸೊಸೆ ಮನೆಯಲ್ಲಿ ಫ್ರೀ ಇರುತ್ತಾಳೆ ಎಂದರಲ್ಲ, ಅದಕ್ಕೆ ಫ್ರೆಂಚಿನ ಯಾವ ಶಬ್ದ ಹಾಕಲಿ ಎಂದು ಕೇಳಿದಳು. ನಿನಗೆ ತಿಳಿದದ್ದು ಹಾಕು ಎಂದೆ. ಅವಳು ಆ ಸಾಲಿನ ಮುಂದೆ ಪ್ರಶ್ನೆಯ ಚಿಹ್ನೆ ಹಾಕಿದಳು. ಒಟ್ಟು ನಾಲ್ಕು ಪುಟವಾಗಿತ್ತು.

ಹೊರಡುವ ಎರಡು ದಿನ ಮೊದಲು ಅವಳು ಮಾಳಿಗೆಯ ಕೋಣೆಯಲ್ಲಿ ಒಂದು ಫಾರ್ಮು ತೆಗೆದು ನನ್ನ ಮುಂದೆ ಹಿಡಿದಳು. ಅವಳ ಕಾಲೇಜಿನದು. ಊರಲ್ಲಿ ಜೊತೆಗಿದ್ದು ಕೆಲಸ ಮಾಡಿದ ಸಹಾಯಕರ ಹೆಸರು ಬರೆದು, ಅವರ ಸಹಿ ಪಡೆದು, ಅವರಿಗೆ ಇಂತಿಷ್ಟು ಎಂದು ಕೊಡಬೇಕು. ಅದು ಅವಳ ಜೇಬಿನದಲ್ಲ, ಕಾಲೇಜಿನದು, ಕೊಡದಿದ್ದರೆ ಹಾಗೇ ಉಳಿಯುತ್ತದೆ. ಕೋಣೆಯಲ್ಲಿ ನಾವಿಬ್ಬರೇ. ಮಾವನವರು ಅಂಗಡಿಯಲ್ಲಿ, ಅತ್ತೆ ಕೆಳಗೆ. ಯಾರೂ ನನ್ನ ಕೈ ಹಿಡಿದಿರಲಿಲ್ಲ.

ನಾನು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದೆ. ಬಂದವರ ಕೈಯಿಂದ ನಾವು ತೆಗೆದುಕೊಳ್ಳುವುದಿಲ್ಲ ಎಂದೆ. ದುಡ್ಡು ಬೇಡವಾದರೆ ಹೆಸರನ್ನಾದರೂ ಬರೆಯುತ್ತೇನೆ, ಬರೀ ಸಹಿ ಮಾಡು ಎಂದಳು. ಅದೂ ಬೇಡ ಎಂದೆ. ಹೆಸರು ಬರೆಸಿಕೊಂಡರೆ ತೆಗೆದುಕೊಂಡ ಹಾಗೆಯೇ ಎಂದು ನನ್ನ ಲೆಕ್ಕ. ಎಷ್ಟು ಹೆಮ್ಮೆಯಿಂದ ಹೇಳಿದೆನೆಂದರೆ, ಈಗಲೂ ನೆನಪಾದಾಗ ಮೈ ಉರಿಯುತ್ತದೆ. ಅವಳು ಆ ಸಾಲನ್ನು ಖಾಲಿ ಬಿಟ್ಟು ಫಾರ್ಮು ಮಡಚಿದಳು. ಕೆಳಗೆ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ಮಾವನವರಿಗೆ ಹೇಳಿದರು. ಅವತ್ತು ರಾತ್ರಿ ಊಟದಲ್ಲಿ ಮಾವನವರು ನನ್ನ ತಾಟಿಗೆ ತಮ್ಮ ಕೈಯಾರೆ ತುಪ್ಪ ಹಾಕಿದರು.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಕರೆದೊಯ್ದು ಅವಳಿಗೆ ಭಜ್ಜಿ, ಸಜ್ಜೆರೊಟ್ಟಿ ಉಣಿಸಿದೆವು. ಮರುದಿನ ಹೋದಳು.

ಮುಂದಿನ ಬೇಸಿಗೆಯಲ್ಲಿ ಹುಮನಾಬಾದಿನ ಒಂದು ಖಾಸಗಿ ಶಾಲೆಗೆ ಇಂಗ್ಲಿಷ್ ಟೀಚರ್ ಬೇಕಾಗಿತ್ತು. ಹುಮನಾಬಾದು ನನ್ನ ತವರು, ಬಸ್ಸಿನಲ್ಲಿ ಹೋಗಿಬರಬಹುದಾದ ದಾರಿ. ಮನೆಯವರನ್ನು ಒಪ್ಪಿಸಿ, ಅಂದರೆ ನನ್ನ ಗಂಡನನ್ನು ಒಪ್ಪಿಸಿ, ಅವರ ಮೂಲಕ ಮಾವನವರನ್ನು ಒಪ್ಪಿಸಿ ಅರ್ಜಿ ಹಾಕಿದೆ. ಅನುಭವದ ಪತ್ರ ಬೇಕೆಂದರು. ನಾನು ಫ್ರಾನ್ಸಿಗೆ ಬರೆದೆ. ಅವಳು ಕೂಡಲೇ ಕಳಿಸಿದಳು, ಒಳ್ಳೆಯ ಕಾಗದ, ಮೇಲೆ ಕಾಲೇಜಿನ ಮುದ್ರೆ.

ಶಾಲೆಯ ಕಮಿಟಿಯ ಅಧ್ಯಕ್ಷರು ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು. ಇವಳ ಇಂಗ್ಲಿಷು ಚೆನ್ನಾಗಿದೆ, ಬಹಳ ತಾಳ್ಮೆಯಿಂದ ಕಲಿಸುತ್ತಾಳೆ, ತನ್ನ ಬಿಡುವಿನ ವೇಳೆಯನ್ನು ಸ್ನೇಹದಿಂದ ಕೊಟ್ಟಳು, ಪ್ರತಿಯಾಗಿ ಏನನ್ನೂ ಮುಟ್ಟಲಿಲ್ಲ. ಇದ್ದದ್ದನ್ನೇ ಬರೆದಿದ್ದಳು, ಒಂದಕ್ಷರ ಸುಳ್ಳಿಲ್ಲ. ಅಧ್ಯಕ್ಷರು ಪತ್ರವನ್ನು ಎರಡೂ ಕೈಯಿಂದ ಮಡಚಿ, ಪ್ರಸಾದ ಕೊಡುವ ಹಾಗೆ ನನಗೆ ಕೊಟ್ಟರು.

“ಇಂಥಾ ಹೆಣ್ಣಮಕ್ಕಳು ಅದಾರಂತನೇ ನಮ್ಮ ಕಡಿ ಮರ್ಯಾದಿ ಉಳದದ,” ಎಂದರು. “ಆದ್ರ ಅಮ್ಮಾ, ನಮಗ ಕೆಲಸ ಮಾಡಿದ್ದರ ಕಾಗದ ಬೇಕಾಗಿತ್ತು. ಇದು ಉಪಕಾರದ ಕಾಗದ ಅದ.”

ಕೆಲಸ ಬೇರೊಬ್ಬಳಿಗೆ ಹೋಯಿತು. ಅವಳು ಒಂದು ಟ್ಯೂಶನ್ ಕ್ಲಾಸಿನಲ್ಲಿ ಒಂದು ವರ್ಷ ಕಲಿಸಿದ್ದಳು, ಠಸ್ಸೆ ಹಾಕಿದ ಚೀಟಿ ಇತ್ತು. ನಾನು ಏಳುವಷ್ಟರಲ್ಲಿ ಅಧ್ಯಕ್ಷರು ಮತ್ತೊಂದು ಮಾತು ತೆಗೆದರು. ಶನಿವಾರ ಮುಂಜಾನೆ ಶಾಲೆ ಇರುತ್ತದೆ, ನೀವು ಬಂದು ದೊಡ್ಡ ಕ್ಲಾಸಿನ ಮಕ್ಕಳಿಗೆ ನಾಲ್ಕು ಮಾತು ಇಂಗ್ಲಿಷ್ ಆಡಿಸಿರಿ. “ಫಾರಿನ್ನವರಿಗಿ ರೊಕ್ಕ ತಗೊಳ್ಳದ ಹಂಗೇ ಕಲಿಸೀರಿ. ನಮ್ಮ ಮಕ್ಕಳೇನ ಪಾಪ ಮಾಡ್ಯಾವ್ರಿ?”

ಸುತ್ತ ಕೂತವರು ನಕ್ಕರು, ಕೆಟ್ಟ ನಗುವಲ್ಲ, ಮನೆಯವರ ನಗು. ನಾನೂ ನಕ್ಕು ಆಯ್ತು ಎಂದೆ. ಬಸ್ಸಿನಲ್ಲಿ, ಜೊತೆಗೆ ಬಂದಿದ್ದ ನನ್ನ ಗಂಡ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ರಾಜೇಶ್ವರ ದಾಟಿದ ಮೇಲೆ, ಹೋಗಾದು ಬರಾದು ನಿನಗ ತ್ರಾಸ ಆಗ್ತದ ಎಂದರು. ಅಷ್ಟೇ.

ಮೂರು ವರ್ಷ ಶನಿವಾರ ತಪ್ಪಿಸಲಿಲ್ಲ. ನಸುಕಿಗೆ ಬುತ್ತಿ ಕಟ್ಟಿಟ್ಟು ಮೊದಲ ಬಸ್ಸು ಹಿಡಿಯುತ್ತಿದ್ದೆ. ಹಿಂದೆ ನೋಟುಬುಕ್ಕಿನಲ್ಲಿ ಬರೆದಿದ್ದ ಫ್ರೀ ಪೀರಿಯಡ್ಡನ್ನು ಅಲ್ಲಿ ಕಣ್ಣಾರೆ ಕಂಡೆ. ಅದು ಉಳಿದ ಟೀಚರುಗಳದು. ಶನಿವಾರ ನಾನು ಬರುತ್ತೇನೆಂದು ಅವರೆಲ್ಲ ತಮ್ಮ ಕ್ಲಾಸನ್ನು ನನಗೆ ಬಿಟ್ಟು ಸ್ವೆಟರ್ ಹೆಣೆಯುತ್ತಿದ್ದರು. ಅದಕ್ಕೂ ನನಗೆ ಬೇಸರವಿರಲಿಲ್ಲ. ಹತ್ತಿರದ ಹುಡಗಿ ಎಂಬ ಊರಿನಿಂದ ಬರುವ ಹೆಣ್ಣುಮಕ್ಕಳು ಒಂಬತ್ತನೆಯ ಕ್ಲಾಸಿನಲ್ಲಿದ್ದರು, ಇಂಗ್ಲಿಷ್ ಅಂದರೆ ತಲೆ ತಗ್ಗಿಸುವವರು. ವರ್ಷದ ಕೊನೆಗೆ ಅವರು ಎದ್ದು ನಿಂತು ತಮ್ಮ ಹೊಲ, ತಮ್ಮ ಎಮ್ಮೆ, ತಮ್ಮ ಅಣ್ಣನ ಜಗಳ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಜೋಳದ ಕಾಲದಲ್ಲಿ ಕರ್ಚೀಪಿನಲ್ಲಿ ಸೀತನಿ, ಅದೇ ಸುಟ್ಟ ಎಳೆಯ ಜೋಳ, ಕಟ್ಟಿಕೊಂಡು ಬಂದು ನನ್ನ ಕೈಗೆ ಹಾಕುತ್ತಿದ್ದರು. ಅದನ್ನು ಮಾತ್ರ ನಾನು ಬೇಡ ಎನ್ನಲಿಲ್ಲ.

ಅತ್ತೆಗೆ ಇದೆಲ್ಲ ತಮಾಷೆಯ ವಿಷಯ. ಬಂದವರ ಮುಂದೆ ಅನ್ನುತ್ತಿದ್ದರು: “ನಮ್ಮ ಸೊಸಿ ಫ್ರಾನ್ಸಿಗೂ ಫುಕಟ್, ಹುಮನಾಬಾದಿಗೂ ಫುಕಟ್. ನನ್ನ ಕಾಲ ಒತ್ತು ಅಂದ್ರ ಅಕಿಗಿ ಟೈಮ್ ಇಲ್ಲ.” ಬಂದವರು ನಗುತ್ತಿದ್ದರು. ನಾನು ಚಹಾ ಸೋಸುತ್ತಿದ್ದೆ. ಅತ್ತೆಯ ಮಾತಿನಲ್ಲಾದರೂ ಸರಿಯಾದ ಶಬ್ದವಿತ್ತು.

ಮೂರನೆಯ ವರ್ಷ ಆ ಶಾಲೆಯಲ್ಲಿ ಮತ್ತೆ ಜಾಗ ತೆರವಾಯಿತು. ಈ ಸಲ ನನಗೆ ಅನುಮಾನವಿರಲಿಲ್ಲ. ಅನುಭವ ಎಲ್ಲಿದೆ ಎಂದರೆ ನಿಮ್ಮಲ್ಲೇ ಇದೆ ಎನ್ನುವುದು ಎಂದುಕೊಂಡು ಹೋದೆ. ಶಾಲೆಯ ಗುಮಾಸ್ತರು ವಯಸ್ಸಾದವರು, ಮೆತ್ತಗಿನವರು. ನನಗೆ ಕುರ್ಚಿ ಕೊಟ್ಟು, ಕಪಾಟಿನಿಂದ ಮೂರು ವರ್ಷದ ಹಾಜರಿ ಪುಸ್ತಕಗಳನ್ನು ತಂದು ಮೇಜಿನ ಮೇಲೆ ಹರಡಿ ಒಂದೊಂದೇ ಪುಟ ತಿರುಗಿಸಿದರು. ಎಲ್ಲರ ಹೆಸರಿತ್ತು. ಶನಿವಾರದ ಅಂಕಣದಲ್ಲಿ ಸ್ವೆಟರ್ ಹೆಣೆದವರ ಸಹಿಯೂ ಇತ್ತು. ನೀರು ಕೊಡುವ ಆಯಾಳ ಹೆಬ್ಬೆಟ್ಟಿನ ಗುರುತೂ ಇತ್ತು. ನನ್ನದು ಎಲ್ಲಿಯೂ ಇರಲಿಲ್ಲ. ಸಂಬಳವಿಲ್ಲದವರ ಹೆಸರು ಹತ್ತಿಸುವ ಪದ್ಧತಿ ಅಲ್ಲಿಲ್ಲ. ಮೂರು ವರ್ಷದಲ್ಲಿ ನಾನೂ ಒಮ್ಮೆ ಕೇಳಿರಲಿಲ್ಲ.

ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. “ನೀವು ಬಂದದ್ದು ನಾ ನೋಡೀನ್ರಿ ಅವ್ವಾ,” ಎಂದರು. “ಪುಸ್ತಕ ನೋಡಿಲ್ಲ.”

ಆ ಶನಿವಾರದಿಂದ ಹೋಗುವುದು ಬಿಟ್ಟೆ. ಈ ಡೈರಿ ಶುರುವಾದದ್ದು ಅವತ್ತೇ ಸಂಜೆ. ಯಾರಿಗೂ ತೋರಿಸಲಿಕ್ಕಲ್ಲ. ಯಾವುದಾದರೂ ಒಂದು ಪುಸ್ತಕ ನೋಡಿರಲಿ ಎಂದು.

ಮಾವನವರು ತೀರಿಕೊಂಡರು. ಅಂಗಡಿ ನನ್ನ ಗಂಡನ ಕೈಗೆ ಬಂತು. ಮಾಳಿಗೆಯ ಕೋಣೆಯಲ್ಲಿ ಈಗ ಸೀರೆಯ ಗಂಟುಗಳಿವೆ. ಹೀಗೆ ಕೆಲವು ವರ್ಷ ಕಳೆದ ಮೇಲೆ, ಆ ಫೋನು ಬರುವುದಕ್ಕೆ ಮೂರು ದಿನ ಮೊದಲು, ಫ್ರಾನ್ಸಿನಿಂದ ಒಂದು ಲಕೋಟೆ ಬಂತು.

ಒಳಗೆ ಒಂದು ತೆಳ್ಳಗಿನ ಪುಸ್ತಕ, ಪೂರ್ತಿ ಫ್ರೆಂಚು. ನನಗೆ ಓದಲು ಬರುವುದಿಲ್ಲ. ಆದರೆ ನಡುವಿನಲ್ಲಿ ನಾಲ್ಕು ಪುಟದ ಮೇಲೆ ಫ್ರೀ ಎಂದು ದಪ್ಪಕ್ಷರದಲ್ಲಿತ್ತು, ಕೆಳಗೆ ಲಿಬ್ರ್, ಗ್ರಾತ್ವೀ ಎಲ್ಲವೂ ಸಾಲಾಗಿ ಕೂತಿದ್ದವು. ಬಸವಕಲ್ಯಾಣ, ಹುಮನಾಬಾದ ಎಂಬ ಎರಡು ಹೆಸರುಗಳನ್ನು ಇಂಗ್ಲಿಷ್ ಅಕ್ಷರದ ಗುರುತಿನಿಂದ ಹುಡುಕಿದೆ. ನನ್ನ ದರ್ಜಿ, ನನ್ನ ಕಂಡಕ್ಟರ್, ನನ್ನ ಡಾಕ್ಟರು ಅಲ್ಲೆಲ್ಲೋ ಇದ್ದಾರೆಂದು ಬೆರಳಾಡಿಸಿ ನೋಡಿದೆ. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಚೀಟಿ. ನಮ್ಮಲ್ಲಿಂದ ಇಂಡಿಯಾಕ್ಕೆ ಹೊರಡುವ ಹುಡುಗರೆಲ್ಲ ಇದನ್ನು ಓದುತ್ತಾರೆ, ನಿನ್ನ ಪುಟಗಳೇ ಅವರಿಗೆ ಹೆಚ್ಚು ಇಷ್ಟ ಎಂದು ಬರೆದಿದ್ದಳು. ಕೊನೆಯಲ್ಲಿ: ನಿನ್ನ ಹೆಸರು ಹಾಕಬೇಕೆಂದು ಬಹಳ ಆಸೆಯಿತ್ತು, ಆದರೆ ಕಾಗದದ ಮೇಲೆ ಹೆಸರು ಬೇಡವೆಂದು ಅವತ್ತು ನೀನು ಕೈ ಮುಗಿದದ್ದು ನೆನಪಾಯಿತು, ನಿನ್ನ ಮಾತನ್ನು ಮೀರಲಿಲ್ಲ. ಬಸವಕಲ್ಯಾಣದ ಒಬ್ಬ ಗೃಹಿಣಿ ಎಂದು ಹಾಕಿದ್ದೇನೆ.

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ಕಾರಣ ಹುಡುಕಿದೆ. ಸಿಗಲಿಲ್ಲ. ಬಾಳೆಹಣ್ಣು ತಂದವರ ತಾಟಿಗೇ ಬಡಿಸುವ ಮನೆಯವಳು ನಾನು, ಅವಳು ನನ್ನಿಂದ ಕಲಿತದ್ದನ್ನು ನನ್ನ ತಾಟಿಗೆ ಬಡಿಸಿದ್ದಳು. ಪುಸ್ತಕವನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟೆ. ಮೂರು ದಿನ ರೊಟ್ಟಿ ಬಡಿಯುವಾಗ ಅದು ಕಣ್ಣಿಗೆ ಬೀಳುತ್ತಿತ್ತು.

ಫೋನು ಮಾಡಿದವರು ಆ ಶಾಲೆಯ ಹೆಡ್ ಮಿಸ್ಸು. ನಾನು ಹೋಗುತ್ತಿದ್ದಾಗ ನನ್ನ ಜೊತೆ ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದವರು, ಕೆಟ್ಟವರಲ್ಲ. ಮೊದಲು ಅತ್ತೆಯ ಆರೋಗ್ಯ ಕೇಳಿದರು, ತೊಗರಿಯ ಸುದ್ದಿ ಆಡಿದರು. ಆಮೇಲೆ ವಿಷಯಕ್ಕೆ ಬಂದರು. ಇಂಗ್ಲಿಷ್ ಟೀಚರ್ ಬಾಣಂತನಕ್ಕೆ ಹೋಗಿದ್ದಾರೆ, ಒಂಬತ್ತು ಮತ್ತು ಹತ್ತನೆಯ ಕ್ಲಾಸು ಸುಮ್ಮನೆ ಕೂತಿವೆ, ಮಾರ್ಚಿನ ಪರೀಕ್ಷೆಯವರೆಗೆ ಮೊದಲಿನ ಹಾಗೆ ಬಂದು ಹೋಗಿ ಮಾಡಿರಿ, ಈಗ ವಾರಕ್ಕೆ ಮೂರು ದಿನ.

ಕೂಡಲೇ ಮನಸ್ಸಿನಲ್ಲಿ ಬಸ್ಸಿನ ವೇಳೆ ಜೋಡಿಸತೊಡಗಿದ್ದೆ. ಸುಳ್ಳೇಕೆ ಹೇಳಲಿ. ಎದುರಿಗೆ ಹಿಟ್ಟಿನ ಡಬ್ಬಿ, ಮೇಲೆ ಆ ಪುಸ್ತಕ.

“ಹಾಜರಿ ಪುಸ್ತಕದಾಗ ನನ್ನ ಹೆಸರು ಹತ್ತಸ್ತೀರೇನ್ರಿ?” ಎಂದು ಕೇಳಿದೆ.

ಅವರಿಗೆ ಪ್ರಶ್ನೆ ತಿಳಿಯಲಿಲ್ಲ. ಪಗಾರದ ಮಾತಾದರೆ ಕಮಿಟಿಯವರು ಏನಾದರೂ ಗೌರವಧನ ನೋಡಬಹುದು ಎಂದರು. ಪಗಾರ ಬೇಡ, ದಿನಾ ಬಂದಾಗ ಸಹಿ ಮಾಡುವುದಕ್ಕೆ ಒಂದು ಸಾಲು ಬೇಕು ಎಂದೆ.

“ಅದು ನನ್ನ ಕೈಯಾಗಿಲ್ರಿ. ಸಾಲು ಅಂದ್ರ ಕಮಿಟಿ ಒಪ್ಪಬೇಕು, ಹಕ್ಕಿನ ಮಾತು ಬರ್ತದ. ನಿಮಗ್ಯಾಕ್ರಿ ಈ ವಯಸ್ಸಿನಾಗ ಹೆಸರಿನ ಚಿಂತಿ? ಹುಡಗಿ ಊರಿನ ಪೋರಿಯರು ನೀವೇ ಬೇಕಂತ ಕುಂತಾವ.”

ಈ ಕೊನೆಯ ಮಾತನ್ನು ಅವರು ಆಡಬಾರದಿತ್ತು. ಈಗಿನವರು ಆ ಹುಡುಗಿಯರ ತಂಗಿಯರಿರಬೇಕು, ಅಕ್ಕಂದಿರು ಹೇಳಿರಬೇಕು. ಫೋನಿನ ವಯರನ್ನು ಬೆರಳಿಗೆ ಸುತ್ತಿದೆ, ಬಿಚ್ಚಿದೆ.

“ಹಂಗಾದ್ರ ನಾ ಬರಂಗಿಲ್ರಿ,” ಎಂದೆ.

ಅವರು, ನೀವು ಮೊದಲಿನ್ಹಂಗ ಉಳಿದಿಲ್ರಿ ಎಂದು ಹೇಳಿ ಫೋನು ಇಟ್ಟರು. ಅದು ನಿಜ. ಆದರೆ ಬದಲಾದದ್ದಕ್ಕೆ ಬೆಲೆ ತೆತ್ತವರು ಅವರೂ ಅಲ್ಲ, ಕಮಿಟಿಯೂ ಅಲ್ಲ. ಮಾರ್ಚಿನವರೆಗೆ ಆ ಹುಡುಗಿಯರು ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟುಕೊಂಡು ಕೂತಿರುತ್ತಾರೆ. ಹೆಸರು ಬೇಡವೆಂದು ಒಮ್ಮೆ ಕೆಟ್ಟೆ, ಬೇಕೆಂದು ಈಗ ಅವರನ್ನು ಕೆಡಿಸಿದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಡೈರಿಯಲ್ಲಿ ಬರೆಯಲಿಲ್ಲ. ಬರುವುದಿಲ್ಲ ಎಂದು ಹೇಳಿದೆ ಎಂದಷ್ಟೇ ಬರೆದೆ.

ಯಾರ ಫೋನು ಎಂದು ಅತ್ತೆ ಒಳಗಿನಿಂದ ಕೇಳಿದರು. ಹೇಳಿದೆ. ಛಲೋ ಆತು, ಇನ್ನ ಮನ್ಯಾಗ ಇರ್ತಿ ಎಂದರು. ಸಂಜೆ ನನ್ನ ಗಂಡ ಬಂದಾಗ ಅವರಿಗೂ ಹೇಳಿದೆ. ಅವರು ಕೈಕಾಲು ತೊಳೆದು ಬಂದು ಹಿಟ್ಟಿನ ಡಬ್ಬಿಯ ಮೇಲಿದ್ದ ಪುಸ್ತಕ ತೆಗೆದು ಎರಡು ಪುಟ ತಿರುಗಿಸಿದರು. ಇದರಾಗ ನಿನ್ನ ಹೆಸರು ಎಲ್ಲಿ ಅದ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಅಲ್ಲಿಯೇ ಇಟ್ಟರು.

ಆ ದಿನ ಉಂಡದ್ದು ಮುಂಜಾನೆಯ ರೊಟ್ಟಿ, ಪುಂಡಿಪಲ್ಯ, ಹೊಸದಾಗಿ ಕುಟ್ಟಿದ ಶೇಂಗಾ ಹಿಂಡಿ, ಮೇಲೆ ಮಜ್ಜಿಗೆ. ಹಿಂಡಿಗೆ ಉಪ್ಪು ಹೆಚ್ಚಾಗಿತ್ತು. ಎಲ್ಲರಿಗಿಂತ ಮೊದಲು ಹಾಸಿಗೆಗೆ ಹೋದವಳು ನಾನು, ಪಾತ್ರೆ ಹಾಗೇ ಬಿಟ್ಟು. ನಿದ್ದೆ ಮೊದಲು ಬಂದದ್ದು ಅತ್ತೆಗೆ.